ಕೆಳಗೆ ಅದೇ ಸಾಲು, ಮೇಲೆ ಹೊಸ ಅಳಲು

1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಕಂಪನಿಯ ಹೆಸರನ್ನು ನೀವು ಕೇಳಿರುತ್ತೀರಿ. ಕಂಪನಿ ನಾಟಕಗಳಲ್ಲಿ ದುಃಖ ಉಕ್ಕಿದಾಗ ಪಾತ್ರಧಾರಿ ಮಾತು ಬಿಟ್ಟು ಹಾಡು ಹಿಡಿಯುತ್ತಿದ್ದರು. ಯೂರೋಪಿನ ಆಪೆರಾದಲ್ಲೂ ಹೀಗೆಯೇ. ಇಂಗ್ಲೆಂಡಿನ ಹೆನ್ರಿ ಪರ್ಸೆಲ್‌ನ ‘ಡೈಡೊ ಅಂಡ್ ಈನಿಯಸ್’ 1689ರ ಹೊತ್ತಿಗೆ ಲಂಡನ್ ಬಳಿಯ ಚೆಲ್ಸಿಯ ಬಾಲಕಿಯರ ಶಾಲೆಯೊಂದರಲ್ಲಿ ಪ್ರದರ್ಶನಗೊಂಡಿತ್ತು. ಪ್ರಿಯನು ತೊರೆದುಹೋದ ರಾಣಿ ಡೈಡೊ ಅದರ ಕೊನೆಯಲ್ಲಿ, ಸಾಯುವ ಮುನ್ನ, ಹಾಡುತ್ತಾಳೆ.

ಮೊದಲು ಮಂದ್ರ ವಾದ್ಯಗಳನ್ನಷ್ಟೇ ಗಮನಿಸಿ. ಹಾರ್ಮೋನಿಯಂ ಸಿಕ್ಕರೆ ಮೇಲಿನ ಷಡ್ಜದಿಂದ ಪಂಚಮದವರೆಗೆ, ಕರಿ-ಬಿಳಿ ಒಂದು ಮನೆಯನ್ನೂ ಬಿಡದೆ ಇಳಿಯಿರಿ. ಆರು ಸ್ವರಗಳು, ನಿಷಾದ ಎರಡು, ಧೈವತ ಎರಡು! ನಮ್ಮ ಮೇಳಕರ್ತ ರಾಗಗಳಲ್ಲಿ ಇದಕ್ಕೆ ಎಡೆಯೇ ಇಲ್ಲ. ಇಳಿದ ಸಾಲು ಮತ್ತೆ ಷಡ್ಜಕ್ಕೆ ಬಂದು ಮುಗಿಯುತ್ತದೆ, ಕೂಡಲೇ ಮೊದಲಾಗುತ್ತದೆ. ಹೀಗೆ ಹನ್ನೊಂದು ಬಾರಿ. ಇದಕ್ಕೆ ಗ್ರೌಂಡ್ ಬಾಸ್ ಎಂದು ಹೆಸರು.

ತಂಬೂರಿಯ ಶ್ರುತಿಯೂ ಬದಲಾಗದಲ್ಲ ಎನ್ನುವಿರಾ? ಶ್ರುತಿ ನಿಂತಿರುತ್ತದೆ, ಇದು ನಡೆಯುತ್ತದೆ. ಸ್ವಾರಸ್ಯವಿರುವುದು ರಾಣಿಯ ಹಾಡಿನಲ್ಲಿ. ಕೆಳಗಿನ ಸಾಲು ಮುಗಿದರೂ ಅವಳ ಮಾತು ಮುಗಿದಿರುವುದಿಲ್ಲ. ಅದು ಮುಂದಿನ ಸುತ್ತಿನೊಳಕ್ಕೆ ಚಾಚಿಕೊಳ್ಳುತ್ತದೆ. ವಿಧಿಯ ಲೆಕ್ಕ ಒಂದು, ಅವಳ ಉಸಿರಿನ ಲೆಕ್ಕ ಇನ್ನೊಂದು ಎಂದು ನನಗೆ ಕೇಳಿಸುತ್ತದೆ.

ಕೊನೆಗೆ ಅವಳ ದನಿ ನಿಲ್ಲುತ್ತದೆ. ಆ ಸಾಲು ಮಾತ್ರ ಮತ್ತೆ ಇಳಿಯುತ್ತದೆ. ಈಗ ಪಿಟೀಲುಗಳೂ ಅದರೊಡನೆ ಇಳಿಯುತ್ತವೆ.