ನಿಮಗಿದು ಗೊತ್ತೆ? ಈ ರಾಜಧಾನಿಯಲ್ಲೀಗ ರಂಟೆ ಹೊಡೆಯುತ್ತಾರೆ!

ಕೋಟೆಗೋಡೆಯೇ ಹೊಲಗಳಿಗೆ ಬೇಲಿಯಾದ ಊರೊಂದು ಕಲಬುರಗಿಯಿಂದ ದಕ್ಷಿಣಕ್ಕೆ 25 ಕಿ.ಮೀ.ಗಿಂತ ತುಸು ದೂರದಲ್ಲಿದೆ. ಅದೇ ಭೀಮಾ ದಂಡೆಯ ಫಿರೋಜಾಬಾದ್.

ಬಹಮನಿ ಸುಲ್ತಾನ ಫಿರೋಜ್ ಷಾ 1400ರ ಸುಮಾರಿಗೆ ಇಲ್ಲಿ ಅರಮನೆ ಪಟ್ಟಣವನ್ನೇ ಕಟ್ಟಿಸಿದ. ಮೂರು ಕಡೆ ಕಲ್ಲಿನ ಕೋಟೆ; ನಾಲ್ಕನೆಯ ಕಡೆ ಹೊಳೆಯೇ ಕಾವಲು. ಒಳಗೆ ಅಗಲವಾದ ಬೀದಿ, ದೊಡ್ಡ ಜಾಮಿ ಮಸೀದಿ, ಬಿಸಿನೀರ ಸ್ನಾನಕ್ಕೆ ಗುಮ್ಮಟದ ಹಮಾಮು. ಅರಮನೆ ಅಂಗಳಗಳಿಗೆ ಭೀಮೆಯ ನೀರು ಕಾಲುವೆಯಲ್ಲಿ ಹರಿದು ಬರುತ್ತಿತ್ತು. ಹಲವು ಭಾಷೆ ಬಲ್ಲ ಈ ಸುಲ್ತಾನನಿಗೆ ಕಲಬುರಗಿಯ ಜೊತೆಗೆ ಇದು ಎರಡನೇ ರಾಜಧಾನಿ ಇದ್ದಂತೆ.

ವೈಭವ ಉಳಿದದ್ದು ಒಂದು ತಲೆಮಾರು ಮಾತ್ರ. 1422ರಲ್ಲಿ ತಮ್ಮ ಅಹ್ಮದ್ ಷಾ ಪಟ್ಟಕ್ಕೇರಿದ, ಮುಂದೆ ರಾಜಧಾನಿಯನ್ನು ಬೀದರಿಗೆ ಒಯ್ದ. ಫಿರೋಜಾಬಾದ್ ಬರಿದಾಯಿತು.

ಆಮೇಲೆ ಈ ನೆಲ ರೈತರ ಕೈಗೆ ಬಂತು. ಆಸ್ಥಾನ ನೆರೆಯುತ್ತಿದ್ದ ಜಾಗದಲ್ಲಿ ಈಗ ಬಿತ್ತನೆ, ರಾಶಿ. ಪೈರಿನ ನಡುವೆ ಅಲ್ಲಲ್ಲಿ ಕಮಾನುಗಳು ನಿಂತಿವೆ. ದಖ್ಖನಿನ ಅತಿ ಹಳೆಯ ಹಮಾಮುಗಳ ಸಾಲಿಗೆ ಸೇರುವ ಕಟ್ಟಡವೂ ಇವುಗಳ ನಡುವೆಯೇ ಇದೆ. ಹಂಪಿ, ಬೀದರ್ ನೋಡಿ ಬರುವ ನಾವು ಮನೆ ಬಾಗಿಲಲ್ಲಿರುವ ಇದನ್ನೂ ಒಮ್ಮೆ ನೋಡಲೇಬೇಕು.

ಅರಮನೆ ಬಿದ್ದರೂ ಇಲ್ಲಿಗೆ ಜನ ಬರುವುದು ಮಾತ್ರ ನಿಂತಿಲ್ಲ. ಖಲೀಫತ್ ಉರ್ ರಹಮಾನ್ ದರ್ಗಾಕ್ಕೆ ಭಕ್ತರು ಇಂದಿಗೂ ನಡೆದುಕೊಳ್ಳುತ್ತಾರೆ.