ವಾಯುಗುಣ ಬದಲಾವಣೆಯ ಕಲಿಕೆ: ಮಳೆ ಪುಸ್ತಕದಿಂದ ಆರಂಭಿಸಿ



ಒಂದು ವರ್ಷ ಮುಂಗಾರು ಕೈಕೊಟ್ಟರೆ ಕಾಲವೇ ಕೆಟ್ಟಿತೆನ್ನುತ್ತೇವೆ. ಮರುವರ್ಷ ಕೆರೆ ಕೋಡಿ ಬಿದ್ದರೆ ಆ ಮಾತನ್ನೇ ಮರೆಯುತ್ತೇವೆ. ಈ ಎರಡರಿಂದಲೂ ವಾಯುಗುಣ ಬದಲಾವಣೆ ಅರ್ಥವಾಗುವುದಿಲ್ಲ. ಕೇವಲ ನೆನಪನ್ನು ನಂಬಿ ಬಿತ್ತಿದಲ್ಲಿ ಬೀಜ, ಗೊಬ್ಬರ, ಕೂಲಿ ಮೂರೂ ನಷ್ಟವಾಗುವ ಸಂಭವವಿದೆ. ಆದುದರಿಂದ ಈ ವಿಷಯವನ್ನು ಅಳತೆಯ ಮೂಲಕ ಕಲಿಯುವುದು ಮತ್ತು ಕಲಿಸುವುದು ಅಗತ್ಯ.

ಹವಾಮಾನ ಮತ್ತು ವಾಯುಗುಣ

ಇಂದಿನ ಮಳೆ, ನಾಳಿನ ಬಿಸಿಲು ಹವಾಮಾನ. ಒಂದು ಪ್ರದೇಶದ ಸುಮಾರು 30 ವರ್ಷಗಳ ಹವಾಮಾನದ ಸರಾಸರಿ ಹಾಗೂ ಏರಿಳಿತಗಳೇ ವಾಯುಗುಣ. ಆಡುಮಾತಿನಲ್ಲಿ ಎರಡಕ್ಕೂ ಹವಾಮಾನವೆಂಬ ಒಂದೇ ಪದ ಬಳಕೆಯಲ್ಲಿರುವುದರಿಂದ ಗೊಂದಲ ಉಂಟಾಗುತ್ತದೆ. ಒಂದು ಬರಗಾಲ ವಾಯುಗುಣ ಬದಲಾವಣೆಗೆ ಸಾಕ್ಷಿಯಲ್ಲ. ಒಂದು ಒಳ್ಳೆಯ ಮಳೆಗಾಲ ಅದನ್ನು ಅಲ್ಲಗಳೆಯುವುದೂ ಇಲ್ಲ.

ಬದಲಾವಣೆಗೆ ಕಾರಣ

ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸುವುದರಿಂದಲೂ ಅರಣ್ಯ ನಾಶದಿಂದಲೂ ವಾತಾವರಣದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿದೆ. ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ಈ ಅನಿಲ ತಡೆದಿಡುತ್ತದೆ. ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 315 ಭಾಗಗಳಷ್ಟಿತ್ತು. ಈಗ 420ನ್ನು ಮೀರಿದೆ. 2011–2020ರ ದಶಕದಲ್ಲಿ ಭೂಮಿಯ ಸರಾಸರಿ ಉಷ್ಣಾಂಶ 1850–1900ರ ಅವಧಿಗಿಂತ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿತ್ತು.

ಉಷ್ಣಾಂಶ 1 ಡಿಗ್ರಿ ಏರಿದರೆ ಗಾಳಿ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ಆದ್ದರಿಂದ ಸುರಿಯುವಾಗ ಮಳೆ ರಭಸವಾಗಿ ಸುರಿಯುವ ಸಾಧ್ಯತೆ ಹೆಚ್ಚು. ಮಳೆಯಿಲ್ಲದ ದಿನಗಳಲ್ಲಿ ಮಣ್ಣಿನ ತೇವಾಂಶವೂ ಬೇಗ ಆರುತ್ತದೆ.

ಒಂದೇ ಸ್ಥಳದಲ್ಲಿ, ಒಂದೇ ವಿಧಾನದಲ್ಲಿ, ದಶಕಗಳ ಕಾಲ ಬಿಡದೆ ಅಳೆದುದರಿಂದಲೇ ಅನಿಲದ ಏರಿಕೆ ಸ್ಪಷ್ಟವಾಯಿತು. ಅದೇ ಶಿಸ್ತನ್ನು ನಮ್ಮ ಹೊಲದಲ್ಲಿಯೂ ಪಾಲಿಸಬಹುದು.

ಮಳೆ ಪುಸ್ತಕ ಬರೆಯುವ ಕ್ರಮ

• ಮಳೆಮಾಪಕವನ್ನು ಬಯಲಿನಲ್ಲಿಡಿ. ಮರ ಅಥವಾ ಗೋಡೆಯ ಎತ್ತರದ ಕನಿಷ್ಠ ಎರಡು ಪಟ್ಟು ದೂರವಿರಲಿ.
• ಪ್ರತಿದಿನ ಬೆಳಿಗ್ಗೆ 8.30ಕ್ಕೆ ಅಳೆದು ಮಿಲಿಮೀಟರ್‌ಗಳಲ್ಲಿ ಬರೆಯಿರಿ. ಮಳೆ ಬಾರದ ದಿನ ಸೊನ್ನೆಯನ್ನು ತಪ್ಪದೆ ಬರೆಯಿರಿ.
• 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನವನ್ನು ಮಳೆದಿನವೆಂದು ಗುರುತಿಸಿ.
• ರೋಹಿಣಿ, ಮೃಗಶಿರ, ಆರಿದ್ರಾ ಹೀಗೆ ಮಳೆ ನಕ್ಷತ್ರವಾರು ಮೊತ್ತ ಹಾಕಿ. ಹಿರಿಯರ ಅನುಭವವನ್ನು ಅಳತೆಯೊಡನೆ ಹೋಲಿಸಲು ಇದು ಅನುಕೂಲ.
• ಬಿತ್ತನೆ, ಹೂ ಬಿಡುವ ಹಾಗೂ ಕೊಯ್ಲಿನ ದಿನಾಂಕಗಳನ್ನೂ ನಮೂದಿಸಿ.

ಪುಸ್ತಕವನ್ನು ಓದುವ ಬಗೆ

ಎರಡು ವರ್ಷಗಳಲ್ಲಿ ತಲಾ 600 ಮಿ.ಮೀ. ಮಳೆಯಾಯಿತೆಂದು ಭಾವಿಸೋಣ. ಮೊದಲ ವರ್ಷ ಅದು 45 ದಿನಗಳಲ್ಲಿ, ಎರಡನೆಯ ವರ್ಷ 28 ದಿನಗಳಲ್ಲಿ ಬಿದ್ದಿದ್ದರೆ ಮೊತ್ತ ಒಂದೇ ಆದರೂ ಬೆಳೆಗೆ ದಕ್ಕುವ ನೀರು ಒಂದೇ ಅಲ್ಲ. 1 ಮಿ.ಮೀ. ಮಳೆಯೆಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಒಂದೇ ಸಂಜೆ 60 ಮಿ.ಮೀ. ಸುರಿದರೆ ಅದರ ಬಹುಪಾಲು ಮಣ್ಣಿನೊಡನೆ ಕೊಚ್ಚಿಹೋಗಬಹುದು. ಆದ್ದರಿಂದ ಮೊತ್ತದ ಜೊತೆಗೆ ಮಳೆದಿನಗಳ ಸಂಖ್ಯೆಯನ್ನೂ ಎರಡು ಮಳೆಗಳ ನಡುವಿನ ಅಂತರವನ್ನೂ ಗಮನಿಸಿ.

ಹೂ ಬಿಡುವ ಹಂತದಲ್ಲಿ ಪದೇ ಪದೇ ಒಣ ಅವಧಿ ಕಂಡುಬಂದಲ್ಲಿ ಅಲ್ಪಾವಧಿ ತಳಿ, ರಾಗಿ ಮತ್ತು ತೊಗರಿಯ 8:2 ಸಾಲಿನ ಅಂತರಬೆಳೆ, ಇಳಿಜಾರಿಗೆ ಅಡ್ಡಲಾಗಿ ಬಿತ್ತನೆ ಹಾಗೂ ಕೃಷಿಹೊಂಡಗಳ ಕುರಿತು ಸಮೀಪದ ಕೃಷಿ ವಿಜ್ಞಾನ ಕೇಂದ್ರದೊಡನೆ ಚರ್ಚಿಸಿ ತೀರ್ಮಾನಿಸಿ.

ಐದಾರು ವರ್ಷಗಳ ದಾಖಲೆ ವಾಯುಗುಣ ಬದಲಾವಣೆಯನ್ನು ಸಾಬೀತುಪಡಿಸಲಾರದು. ಅದಕ್ಕೆ ಹವಾಮಾನ ಇಲಾಖೆಯ ದೀರ್ಘಾವಧಿ ದಾಖಲೆಗಳೇ ಆಧಾರ. ಆದರೆ ನಿಮ್ಮ ಹೊಲದ ಮಳೆಯ ಸ್ವಭಾವವನ್ನು ನಿಮ್ಮ ಪುಸ್ತಕದಷ್ಟು ಹತ್ತಿರದಿಂದ ಬೇರಾವುದೂ ತಿಳಿಸದು. ಈ ಮುಂಗಾರಿನಿಂದಲೇ ಆರಂಭಿಸಿ. ಅಳೆಯುವ ಹೊಣೆಯನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಿದರೆ ಮುಂದಿನ 30 ವರ್ಷಗಳ ದಾಖಲೆಯೂ ಅವರ ಕೈಯಲ್ಲಿ ಬೆಳೆಯುತ್ತದೆ.