ನೂರು ದಾಟಿದ ಮರದ ನಿಲ್ದಾಣ

ಜಪಾನ್ ಎಂದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ಬುಲೆಟ್ ರೈಲು. ಅದೇ ದೇಶದಲ್ಲಿ ಟಿಕೆಟ್ ಕೊಡಲು ಒಬ್ಬ ಗುಮಾಸ್ತನೂ ಇಲ್ಲದ, ಮರದ ಗೋಡೆಯ, ಹೆಂಚಿನ ಮಾಡಿನ ಪುಟ್ಟ ನಿಲ್ದಾಣವೊಂದು ನೂರಿಪ್ಪತ್ತು ವರ್ಷ ದಾಟಿ ನಿಂತಿದೆ ಎಂದರೆ ಅಚ್ಚರಿಯಾದೀತು. ಅದರ ಹೆಸರು ಕರೇಯಿಗಾವಾ.

ಕ್ಯೂಶೂ ದ್ವೀಪದ ದಕ್ಷಿಣಕ್ಕಿರುವ ಕಗೋಶಿಮಾ ಪ್ರಾಂತದಲ್ಲಿ, ಗುಡ್ಡಗಳ ನಡುವೆ ಈ ನಿಲ್ದಾಣವಿದೆ. ಇದು ತೆರೆದದ್ದು 1903ರ ಜನವರಿ 15ರಂದು. ಅಂದು ಕಟ್ಟಿದ ಕಟ್ಟಡವೇ ಇಂದಿಗೂ ಇದೆ. ಹಳಿಗಳ ನಡುವಿನ ಅಂತರ 1067 ಮಿಲಿಮೀಟರ್; ಅಂದರೆ ನಮ್ಮ ಹಿರಿಯರು ಬಲ್ಲ ಮೀಟರ್ ಗೇಜಿಗಿಂತ ಕೊಂಚವೇ ಅಗಲ.

1909ರಲ್ಲಿ ಉತ್ತರದ ಹಳಿಗಳು ಬಂದು ಕೂಡಿದಾಗ ಕಗೋಶಿಮಾಕ್ಕೆ ಹೋಗುವ ಮುಖ್ಯ ಮಾರ್ಗವೇ ಇದಾಯಿತು. ಆದರೆ 1927ರಲ್ಲಿ ಕರಾವಳಿಯ ಹಾದಿ ಪೂರ್ಣಗೊಂಡಿತು. ಏರುಪೇರಿಲ್ಲದ ಆ ಹಾದಿಗೆ ಮುಖ್ಯ ಮಾರ್ಗದ ಪಟ್ಟ ಹೋಯಿತು. ಗುಡ್ಡದ ಹಾದಿಗೆ ಹಿಸಾತ್ಸು ಎಂಬ ಬೇರೆ ಹೆಸರು ಉಳಿಯಿತು. ಹಿಗೋ ಮತ್ತು ಸತ್ಸುಮಾ ಎಂಬ ಹಳೆಯ ಎರಡು ಸೀಮೆಗಳ ಹೆಸರು ಸೇರಿ ಆದ ಪದ ಅದು.

ಪ್ರಯಾಣಿಕರು ಕಡಿಮೆಯಾದರು. 1984ರಲ್ಲಿ ಸಿಬ್ಬಂದಿಯನ್ನೂ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಕಾಯುವವರಿಲ್ಲದ ಮರದ ಕಟ್ಟಡಕ್ಕೆ ಗೆದ್ದಲು, ಮಳೆ ಎರಡೂ ಶತ್ರುಗಳೇ. ಇಲ್ಲಿ ಹಾಗಾಗಲಿಲ್ಲ. ಊರಿನವರೇ ಗುಡಿಸಿ ಒರೆಸಿ, ಹೂಗಿಡ ನೆಟ್ಟು ನಿಲ್ದಾಣವನ್ನು ನೋಡಿಕೊಂಡರು. 2003ರಲ್ಲಿ ಅದರ ನೂರನೆಯ ಹುಟ್ಟುಹಬ್ಬವನ್ನೂ ಆಚರಿಸಿದರು.

ಮರುವರ್ಷ ಬುಲೆಟ್ ರೈಲು ಕಗೋಶಿಮಾ ತಲುಪಿತು. ಅದರಲ್ಲಿ ಬಂದವರನ್ನು ಗುಡ್ಡದ ಕಡೆಗೆ ಕರೆತರಲು ‘ಹಯಾತೊ ನೊ ಕಾಝೆ’ (ಹಯಾತೊ ಗಾಳಿ) ಎಂಬ ಪ್ರವಾಸಿ ರೈಲು ಆರಂಭವಾಗಿ, ಕರೇಯಿಗಾವಾದಲ್ಲೂ ನಿಂತಿತು. ಬಿದಿರಿನ ಹೊದಿಕೆಯ ಡಬ್ಬಿಯಲ್ಲಿ ಅಣಬೆ, ಕಳಲೆ ಬೆರೆತ ಅನ್ನ ತುಂಬಿದ ಬುತ್ತಿ ಇಲ್ಲಿ ಹೆಸರಾಯಿತು. ಜೊತೆಗೊಂದು ಗೆಣಸಿನ ಕರಿದ ತಿಂಡಿ. ಏಡಿಯಂತೆ ಕಾಣುವುದರಿಂದ ಅಲ್ಲಿಯ ಆಡುಮಾತಿನಲ್ಲಿ ಅದಕ್ಕೆ ‘ಗಾನೆ’, ಅಂದರೆ ಏಡಿ, ಎಂದೇ ಹೆಸರು.

2006ರಲ್ಲಿ ಸರ್ಕಾರ ಈ ಕಟ್ಟಡವನ್ನು ಸಾಂಸ್ಕೃತಿಕ ಆಸ್ತಿಗಳ ಪಟ್ಟಿಗೆ ಸೇರಿಸಿತು. ಇದರೊಂದಿಗೇ ತೆರೆದ ಓಸುಮಿ-ಯೊಕೊಗಾವಾ ನಿಲ್ದಾಣಕ್ಕೂ ಆ ಮನ್ನಣೆ ದೊರೆಯಿತು. ಅಲ್ಲಿಯ ಪ್ಲಾಟ್‌ಫಾರಂ ಕಂಬದಲ್ಲಿ ಎರಡನೆಯ ಮಹಾಯುದ್ಧದ ವಿಮಾನ ದಾಳಿಯ ಗುಂಡಿನ ತೂತು ಈಗಲೂ ಇದೆ.

ಕಷ್ಟ ಮುಗಿದಿಲ್ಲ. 2020ರ ಜುಲೈ ಪ್ರವಾಹದಲ್ಲಿ ಇದೇ ಮಾರ್ಗದ ಉತ್ತರ ಭಾಗ ಕೊಚ್ಚಿಹೋಗಿ ಸಂಚಾರ ನಿಂತಿತು. 2022ರ ಮಾರ್ಚ್‌ನಲ್ಲಿ ಪ್ರವಾಸಿ ರೈಲೂ ಕೊನೆಯ ಓಟ ಓಡಿತು. ಕರೇಯಿಗಾವಾಕ್ಕೆ ಈಗ ಬರುವುದು ಸಾಮಾನ್ಯ ಪ್ಯಾಸೆಂಜರ್ ರೈಲುಗಳು ಮಾತ್ರ.

ಮಕ್ಕಳೇ, ಒಂದು ಲೆಕ್ಕ ಹಾಕಿ. ಸಿಬ್ಬಂದಿ ಹೋದದ್ದು 1984, ಮನ್ನಣೆ ಬಂದದ್ದು 2006. ನಡುವಿನ 22 ವರ್ಷ ಕಟ್ಟಡವನ್ನು ಕಾಪಾಡಿದ್ದು ಪೊರಕೆ ಹಿಡಿದ ಊರಿನ ಕೈಗಳು. ಅವು ಇಲ್ಲದಿದ್ದರೆ ಪಟ್ಟಿಗೆ ಸೇರಿಸಲು ಅಲ್ಲಿ ಏನು ಉಳಿದಿರುತ್ತಿತ್ತು?